ಮೆಟ್ಟಿಲು ಹತ್ತಿದವರ ಜ್ಞಾಪಕಶಕ್ತಿ

ಆ ಕಾಲೇಜಿನ ಮನಃಶಾಸ್ತ್ರ ವಿಭಾಗದಲ್ಲಿ ಯಾರನ್ನು ಬೇಕಾದರೂ ಕೇಳಿ, ಇಪ್ಪತ್ತೆಂಟು ವರ್ಷದಲ್ಲಿ ಒಂದೂ ತಪ್ಪು ಮಾಡದ ಮನುಷ್ಯರು ಯಾರು ಅಂತ. ಅಪ್ಪಿತಪ್ಪಿಯೂ ಪ್ರೊಫೆಸರುಗಳ ಹೆಸರು ಬರುವುದಿಲ್ಲ. ಎಲ್ಲರೂ ಹೇಳುವುದು ಒಂದೇ, ಸ್ಟಾಪ್‌ವಾಚ್ ಅಕ್ಕ! ಲ್ಯಾಬಿನ ಅಟೆಂಡರ್. ಕೊರಳಲ್ಲಿ ದಾರ ಕಟ್ಟಿದ ಸ್ಟಾಪ್‌ವಾಚು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಯಾವ ಉಪಕರಣ ಯಾವ ಕಪಾಟಿನ ಎಷ್ಟನೇ ಅರೆಯಲ್ಲಿದೆ ಅನ್ನೋದನ್ನು ಕಣ್ಣು ಮುಚ್ಚಿ ಹೇಳುತ್ತಾಳೆ. ಪ್ರಯೋಗಕ್ಕೆ ಬಂದವರು ಹೆದರಿ ಬೆವರಿದರೆ, ಒಂದು ಲೋಟ ನೀರು ಕೊಟ್ಟು, “ಇದು ಪರೀಕ್ಷೆ ಅಲ್ಲಪ್ಪ, ಫೇಲ್ ಆದ್ರೂ ಮನೇಲಿ ಹೊಡೆಯಲ್ಲ” ಅಂತ ನಗಿಸುತ್ತಾಳೆ.

ಎರಡು ವರ್ಷದಿಂದ ಅಕ್ಕನ ಜೀವವೆಲ್ಲ ಒಬ್ಬ ರಿಸರ್ಚ್ ಹುಡುಗಿಯ ಪ್ರಯೋಗದಲ್ಲಿತ್ತು. ಗೋಡೆಯ ಬಣ್ಣಕ್ಕೂ ನೆನಪಿಗೂ ನಂಟಿದೆಯಾ ಅಂತ ನೋಡುವ ಪ್ರಯೋಗ. ಕೆಳಗೆ ಬಾಗಿಲ ಪಕ್ಕದಲ್ಲೇ ಹಳದಿ ಕೋಣೆ. ಮೂವತ್ತೆರಡು ಮೆಟ್ಟಿಲು ಹತ್ತಿದರೆ ಮೇಲೆ ನೀಲಿ ಕೋಣೆ. ಬಂದವರಿಗೆ ಇಪ್ಪತ್ತು ಪದ ತೋರಿಸುವುದು, ನೆನಪಿದ್ದಷ್ಟು ಬರೆಸುವುದು. ಯಾರು ಯಾವ ಕೋಣೆಗೆ ಅನ್ನೋದಕ್ಕೆ ಡಬ್ಬಿಯಿಂದ ಚೀಟಿ ಎತ್ತುವುದು. ಡಬ್ಬಿ ಅಕ್ಕನ ಕೈಯಲ್ಲಿ.

ಇನ್ನೂರು ಜನ ಬಂದು ಹೋದರು. ನೀಲಿಯವರಿಗೆ ಸರಾಸರಿ ಹದಿನಾಲ್ಕು ಪದ ನೆನಪಿತ್ತು, ಹಳದಿಯವರಿಗೆ ಬರೀ ಒಂಬತ್ತು! ಹುಡುಗಿಯ ಗೈಡ್ ಮೇಡಂಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದ ಬೀದಿಯ ವೃದ್ಧಾಶ್ರಮದವರು ಸುದ್ದಿ ಕೇಳಿ ಗೋಡೆಗೆ ಹೊಡೆಯೋಕೆ ನೀಲಿ ಬಣ್ಣದ ಡಬ್ಬಿಗಳನ್ನೂ ತರಿಸಿಬಿಟ್ಟರು. ಶುಕ್ರವಾರ ಹುಡುಗಿ ಪ್ರಬಂಧ ಒಪ್ಪಿಸಬೇಕು. ಒಪ್ಪಿಸಿದರೆ ಡಾಕ್ಟರೇಟು, ಇಲ್ಲದಿದ್ದರೆ ಎರಡು ವರ್ಷ ಮಣ್ಣುಪಾಲು.

ಮಂಗಳವಾರ ಬೆಳಿಗ್ಗೆ ಖಾಲಿ ಲ್ಯಾಬಿನಲ್ಲಿ ಹುಡುಗಿ ಶುಕ್ರವಾರದ ಭಾಷಣ ಅಭ್ಯಾಸ ಮಾಡುತ್ತಿದ್ದಳು. ಕೇಳುವವಳು ಅಕ್ಕ ಒಬ್ಬಳೇ.

“ಚೀಟಿ ಯಾಕೆ ಎತ್ತಬೇಕು ಅಂದ್ರೆ,” ಹುಡುಗಿ ಕೈಯಾಡಿಸಿದಳು, “ವಯಸ್ಸಾದವರು, ಚಿಕ್ಕವರು, ಚುರುಕಾದವರು ಎಲ್ಲಾ ಎರಡೂ ಕೋಣೆಗೆ ತಾವಾಗೇ ಹಂಚಿಹೋಗ್ತಾರೆ. ನಾವೇ ಆರಿಸಿ ಕಳಿಸಿದ್ರೆ, ಗೆದ್ದಿದ್ದು ಬಣ್ಣಾನಾ, ನಮ್ಮ ಆಯ್ಕೆನಾ ಗೊತ್ತಾಗಲ್ಲ. ಪ್ರಯೋಗಾನೇ ಸತ್ತಂಗೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಕ್ಕನ ಕೈ ತಾನಾಗೇ ಕೊರಳ ದಾರಕ್ಕೆ ಹೋಯಿತು. ಚೀಟಿ ಅಂದರೆ ಸಾಲು ಕಾಯಿಸದೆ ಕಳಿಸುವ ಒಂದು ಪದ್ಧತಿ ಅಂತಲೇ ಅವಳು ಅಂದುಕೊಂಡಿದ್ದಳು!

“ಪುಟ್ಟೀ, ಒಂದ್ ನಿಮಿಷ ನಿಲ್ಸು.”

“ಏನಕ್ಕ? ಜೋರಾಯ್ತಾ?”

“ಮಂಡಿ ನೋವು ಅಂತ ಕುಂಟ್ಕೊಂಡ್ ಬಂದವ್ರಿಗೆ ನೀಲಿ ಚೀಟಿ ಬಂದ್ರೆ… ನಾನು ಅದನ್ನ ಪಕ್ಕಕ್ಕೆ ಇಟ್ಕೊಳ್ತಿದ್ದೆ ಕಣೇ. ಹಳದಿ ಬರೋ ತನಕ ಎತ್ತುತಿದ್ದೆ. ಪಾಪ, ಮೂವತ್ತೆರಡು ಮೆಟ್ಟಿಲು! ಆ ನೀಲೀನ ಹಿಂದೆ ನಿಂತಿದ್ದ ಕಾಲೇಜ್ ಹುಡುಗ್ರಿಗೆ ಕೊಟ್ಬಿಡ್ತಿದ್ದೆ.”

ಹುಡುಗಿ ನಕ್ಕಳು. ಅಕ್ಕ ನಗಲಿಲ್ಲ. ಹುಡುಗಿಯ ನಗು ಅರ್ಧಕ್ಕೇ ನಿಂತಿತು.

“ಎಷ್ಟು ಜನಕ್ಕೆ?”

“ಲೆಕ್ಕ ಇಟ್ಟಿಲ್ಲ. ದಿನಾ.”

ಎರಡು ವರ್ಷ ಬೀರುವಿನಲ್ಲಿ ಮಲಗಿದ್ದ ಹಾಳೆಗಳನ್ನು ಇಬ್ಬರೂ ನೆಲದ ಮೇಲೆ ಹರಡಿದರು. ಪ್ರತಿ ಹಾಳೆಯ ತಲೆಯ ಮೇಲೂ ವಯಸ್ಸು ಬರೆದಿತ್ತು! ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಚೀಟಿ ಎತ್ತಿದ್ದೇವಲ್ಲ, ಸಮ ಆಗಿಯೇ ಇರುತ್ತೆ ಅನ್ನೋ ಧೈರ್ಯ. ಹುಡುಗಿ ಕೂಡಿ ಭಾಗಿಸಿದಳು, ನಂಬಲಾಗದೆ ಇನ್ನೊಮ್ಮೆ ಲೆಕ್ಕ ಹಾಕಿದಳು. ನೀಲಿ ಕೋಣೆಯವರ ಸರಾಸರಿ ವಯಸ್ಸು ಇಪ್ಪತ್ತೊಂಬತ್ತು. ಹಳದಿಯವರದ್ದು ಐವತ್ತೆಂಟು.

“ಬಣ್ಣ ಅಲ್ಲ ಅಕ್ಕ… ನಾವು ಅಳೆದಿದ್ದು ಮಂಡಿ!”

ಅಕ್ಕ ಕೊರಳಿನ ಸ್ಟಾಪ್‌ವಾಚು ತೆಗೆದು ನೆಲದ ಮೇಲಿಟ್ಟಳು. “ಬೈಯೇ, ಎರಡು ಬಾರ್ಸಾದ್ರೂ ಬಾರ್ಸು. ಕೈಯಾರೆ ನಿನ್ನ ಕೆಲಸ ಕೆಡಿಸಿದೆ.”

ಹುಡುಗಿ ಬೈಯಲಿಲ್ಲ. ಒಂದು ಹಾಳೆ ಎತ್ತಿ ನೋಡುತ್ತಾ ಇದ್ದಕ್ಕಿದ್ದಂತೆ ಒಂದು ಪದದ ಮೇಲೆ ಬೆರಳಿಟ್ಟಳು. ಅದರಲ್ಲಿ ಯಾರೋ ‘ಕಿಟಕಿ’ಗೆ ಬರೀ ‘ಕಿಟ’ ಬರೆದು ಬಿಟ್ಟಿದ್ದರು. ಪಕ್ಕದಲ್ಲಿ ಸರಿ ಗುರುತು. ಇನ್ನೊಂದು ಹಾಳೆಯಲ್ಲೂ ಅದೇ ‘ಕಿಟ’. ಅಲ್ಲಿ ಅಡ್ಡಗೆರೆ. ಮೊದಲನೆಯದು ನೀಲಿ, ಎರಡನೆಯದು ಹಳದಿ.

“ಇದನ್ನ ತಿದ್ದಿದ್ದು ನಾನು,” ಹುಡುಗಿ ಪಿಸುಗುಟ್ಟಿದಳು. “ಬೇಕಂತ ಮಾಡಿಲ್ಲ ಅಕ್ಕ, ನಿನ್ನಾಣೆ. ನೀಲಿ ಗೆಲ್ಲತ್ತೆ ಅಂತ ಮನಸಲ್ಲಿತ್ತು. ಕೈ ತಾನಾಗೇ ಆ ಕಡೆ ವಾಲಿದೆ.”

ಇಬ್ಬರಲ್ಲಿ ಒಬ್ಬಳೂ ಸುಳ್ಳು ಹೇಳಿರಲಿಲ್ಲ, ಆದರೂ ಇನ್ನೂರು ಹಾಳೆ ಸುಳ್ಳಾಗಿದ್ದವು!

ಮಧ್ಯಾಹ್ನ ಇಬ್ಬರೂ ಹೋಗಿ ಹೇಳಿದ್ದನ್ನು ಗೈಡ್ ಮೇಡಂ ಪೂರ್ತಿ ಕೇಳಿ, ಎದ್ದು ಹೋಗಿ ಬಾಗಿಲು ಹಾಕಿದರು. “ಬೇರೆ ಯಾರಿಗೆ ಗೊತ್ತು?”

“ಆಶ್ರಮಕ್ಕೆ ಫೋನ್ ಮಾಡಿದೆ ಮೇಡಂ, ಬಣ್ಣ ಹೊಡೀಬೇಡಿ ಅಂತ,” ಅಂದಳು ಹುಡುಗಿ.

ಮೇಡಂ ವಾಪಸ್ ಬಂದು ಕುರ್ಚಿಯಲ್ಲಿ ಕೂತರು. “ನನ್ನನ್ನ ಒಂದ್ ಮಾತು ಕೇಳ್ಬಾರದಿತ್ತಾ? ಶುಕ್ರವಾರ ಕಳೀಲಿ ಅಂತಿದ್ದೆ ನಾನು.”

“ಅದಕ್ಕೇ ಕೇಳ್ಲಿಲ್ಲ,” ಅಂದಳು ಹುಡುಗಿ. ಅಕ್ಕ ತಿರುಗಿ ಅವಳನ್ನೇ ನೋಡಿದಳು. ಈ ಹುಡುಗಿ ಮೇಡಂ ಮುಂದೆ ಕೂರಲೂ ಹೆದರುತ್ತಿದ್ದವಳು!

“ಮತ್ತೆ ಇನ್ನೂರು ಜನ ಹುಡುಕ್ಬೇಕಾಗತ್ತೆ, ಗೊತ್ತಾ?” ಮೇಡಂ ಕೊನೆಗೆ ಸೋತ ದನಿಯಲ್ಲಿ ಕೇಳಿದರು.

“ಹುಡುಕ್ತೀನಿ ಮೇಡಂ,” ಅಂದಳು ಅಕ್ಕ. “ಆದ್ರೆ ನನ್ನನ್ನ ಬಾಗಿಲಲ್ಲಿ ನಿಲ್ಲಿಸ್ಬೇಡಿ. ಈಗ ಗೊತ್ತಿದ್ರೂ ನನ್ನ ಕೈ ಸುಮ್ನಿರಲ್ಲ.”

ಎರಡೂ ಕೋಣೆ ನೆಲಮಹಡಿಗೆ ಬಂದವು. ಚೀಟಿಗಳು ಅಂಟು ಹಾಕಿದ ಲಕೋಟೆಯೊಳಗೆ ಹೋದವು, ಹಂಚುವುದಕ್ಕೆ ಬೇರೆ ವಿಭಾಗದ ಗುಮಾಸ್ತರು ಬಂದರು. ಕುಂಟುತ್ತಾ ಬಂದವರನ್ನು ಕಂಡಾಗಲೆಲ್ಲ ಅಕ್ಕ ಮುಖ ತಿರುಗಿಸಿ ಲ್ಯಾಬಿನ ಕಪಾಟು ಒರೆಸುತ್ತಿದ್ದಳು. ಆ ವರ್ಷ ಕಪಾಟುಗಳು ಕನ್ನಡಿಯಂತಿದ್ದವು.

ಹನ್ನೊಂದು ತಿಂಗಳ ಮೇಲೆ ಹುಡುಗಿ ಒಂದು ಹಾಳೆ ಹಿಡಿದು ಲ್ಯಾಬಿಗೆ ಬಂದಳು.

“ನೀಲಿ ಹನ್ನೊಂದು, ಹಳದಿ ಹನ್ನೊಂದು. ಏನೂ ಇಲ್ಲ ಅಕ್ಕ. ಏನೇನೂ ಇಲ್ಲ! ಇದನ್ನೇ ಬರೆದು ಒಪ್ಪಿಸ್ತೀನಿ. ಹಳೇ ತಪ್ಪು ಸಮೇತ.”

ಅಕ್ಕನ ಕಣ್ಣು ತುಂಬಿತ್ತು. ಆದರೂ ಹಾಳೆಯನ್ನು ಮುಟ್ಟಲಿಲ್ಲ.

“ಎಣಿಸಿದ್ದು ಯಾರು?”

“ಲೈಬ್ರರಿ ಮೇಡಂ. ಯಾವ ಹಾಳೆ ಯಾವ ಕೋಣೇದು ಅಂತ ಅವ್ರಿಗೆ ಹೇಳಿರಲಿಲ್ಲ.”

“ಹಂಗಾದ್ರೆ ಕೊಡು,” ಅಂದಳು ಅಕ್ಕ.