ದೀಪಾವಳಿ ಕಾಣದ ಉಪ್ಪಿನಕಾಯಿ

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಸರ್ಕಾರ ಹೊಸ ನಿಯಮ ಮಾಡಿತೆಂದರೆ ಊರಿನವರು ಮೊದಲು ಬೈಯುವುದು ನನ್ನನ್ನೇ, ಯಾಕೆಂದರೆ ಅರ್ಜಿ ತುಂಬಿಸುವವನು ನಾನು. ಹಾಗಾಗಿಯೇ ಹರಿಹರಪುರದ ನೀಲಾಂಬಿಕೆಯವರ ಪರಿಚಯವಾಯಿತು. ಎಲ್ಲರಿಗೂ ಅವರು ನೀಲಕ್ಕ.

ಅತ್ತೆ ರಾಧಮ್ಮ ತೀರಿಕೊಂಡ ಮೇಲೆ, ಒಂಬತ್ತು ವರ್ಷಗಳಿಂದ ನೀಲಕ್ಕ ಮಾವಿನಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಿದ್ದಾರೆ. ಅದು ಹೋಗುವುದು ನನ್ನ ಪಕ್ಕದ ಸುಂದರೇಶನ ಅಂಗಡಿಗೆ ಮಾತ್ರ. ಈ ವರ್ಷ ಸುಂದರೇಶ ಲೇಬಲ್ ಇಲ್ಲದ ಬಾಟಲಿ ಇಡುವುದಿಲ್ಲ ಎಂದ. ನಾನು ನೀಲಕ್ಕನಿಗೆ ನೋಂದಣಿ ಮಾಡಿಸಿಕೊಟ್ಟೆ. ಲೇಬಲ್ಲಿಗೆ ಏನೇನು ಬೇಕೆಂದು ಪಟ್ಟಿ ಕೊಟ್ಟೆ. ಅವರು ಬರೆದು ತಂದರು. ಬುದ್ಧಿವಂತನಾದ ನಾನು ಓದಿ ನೋಡದೆ ಇನ್ನೂರು ಪ್ರತಿ ಅಚ್ಚು ಹಾಕಿದೆ.

ಸುಂದರೇಶನ ಅಂಗಡಿಗೆ ತಪಾಸಣೆಗೆ ಬಂದ ಅಧಿಕಾರಿ ಲೇಬಲ್ ಓದಿದರು. 'ಎಷ್ಟು ದಿನದೊಳಗೆ ಬಳಸಬೇಕು' ಎಂಬಲ್ಲಿ ನೀಲಕ್ಕ, 'ಒಂದು ವರ್ಷದೊಳಗೆ ಬಾಟಲಿ ತೆರೆಯಬಾರದು' ಎಂದು ಬರೆದಿದ್ದರು. ಅಧಿಕಾರಿ ಮನಸಾರೆ ನಕ್ಕರು, ಒಂದು ಬಾಟಲಿ ತಮಗೂ ಬೇಕೆಂದರು, ಆಮೇಲೆ ಅರವತ್ತು ಬಾಟಲಿಯನ್ನೂ ಕೆಳಗಿಳಿಸಲು ಹೇಳಿದರು. ವಾರದೊಳಗೆ ಸರಿಯಾದ ಲೇಬಲ್ ಬಾರದಿದ್ದರೆ ಬಾಟಲಿಗಳನ್ನು ವಾಪಸ್ ಕಳಿಸುವುದಾಗಿ ಸುಂದರೇಶ ಖಡಾಖಂಡಿತವಾಗಿ ಹೇಳಿಬಿಟ್ಟ.

ಎಲ್ಲರೂ ಹಾಕುವ ಹಾಗೆ ಹನ್ನೆರಡು ತಿಂಗಳು ಹಾಕೋಣ ಎಂದೆ. ನೀಲಕ್ಕನಿಗೆ ಕೋಪ ಬಂತು.

"ವರ್ಷಕ್ಕೇ ಕೆಡೋ ಉಪ್ಪಿನಕಾಯಿ ಹಾಕಕ್ಕೆ ನಾನೆಂತ ಕೈಲಾಗದವಳಾ ಮಾರಾಯ?"

ಹಾಗಾದರೆ ಯಾವಾಗ ಕೆಡುತ್ತದೆ ಎಂದು ಕೇಳಿದೆ. ಅವರ ಮನೆಯಲ್ಲಿ ಯಾವ ಮಿಡಿಯೂ ಕೆಡುವವರೆಗೆ ಉಳಿದದ್ದೇ ಇಲ್ಲವಂತೆ. ಆ ಪ್ರಶ್ನೆ ನನ್ನ ತಲೆಯನ್ನೂ ಹೊಕ್ಕಿತು. ಎರಡು ದಿನ ಬಂದ ಗಿರಾಕಿಗಳನ್ನೆಲ್ಲ ಕೇಳಿದೆ, ಒಬ್ಬರಿಗೂ ಗೊತ್ತಿಲ್ಲ.

ಭಾನುವಾರ ನೀಲಕ್ಕನೇ ಫೋನ್ ಮಾಡಿದರು. ಅತ್ತೆ ಕೊನೆಯ ವರ್ಷ ಬಾಯಿಕಟ್ಟಿ ಅಟ್ಟದ ಮೇಲಿಟ್ಟ ಭರಣಿಯೊಂದು ಹಾಗೇ ಇದೆಯಂತೆ. ಧೂಳು ಒರೆಸುವುದು ಬಿಟ್ಟರೆ ಅದನ್ನು ಯಾರೂ ಮುಟ್ಟಿಲ್ಲವಂತೆ. ನಾನು ಅಂಗಡಿ ಮುಚ್ಚಿ ಹರಿಹರಪುರದ ಬಸ್ಸು ಹತ್ತಿದೆ.

ಭರಣಿ ಇಳಿಸುತ್ತಾ ನೀಲಕ್ಕ ಆ ವರ್ಷದ ಕತೆ ಹೇಳಿದರು. ಅತ್ತೆಗೆ ಬಗ್ಗಲಾಗದೆ ನೀಲಕ್ಕ ಮೊದಲ ಸಲ ಒಬ್ಬರೇ ಉಪ್ಪಿನಕಾಯಿ ಹಾಕಿದ್ದರು. ತೊಟ್ಟನ್ನು ಜೀರಿಗೆಯಷ್ಟು ಉಳಿಸಿ ಕತ್ತರಿಸುವುದು ಆ ಮನೆಯ ಪದ್ಧತಿ. ಇವರೋ ಬೆರಳ ಗೆಣ್ಣಿನಷ್ಟು ಉದ್ದ ಬಿಟ್ಟಿದ್ದರು. ತೊಟ್ಟು ಉದ್ದವಾದರೆ ಬೇಗ ಕೆಡುತ್ತದೆ, ಇದು ದೀಪಾವಳಿ ಕಾಣುವುದಿಲ್ಲ, ಬಂದವರಿಗೆ ಹಂಚಿ ಖಾಲಿ ಮಾಡುತ್ತೇನೆ ಎಂದು ರಾಧಮ್ಮ ಅದನ್ನೆಲ್ಲ ತೆಗೆದುಕೊಂಡು ಹೋಗಿದ್ದರು. ಆಮೇಲೆ ನೀಲಕ್ಕ ತೊಟ್ಟು ಉದ್ದ ಬಿಟ್ಟದ್ದೇ ಇಲ್ಲ. ಆ ಮಾತು ಈಗಲೂ ಚುಚ್ಚುತ್ತದೆ ಎಂದರು.

ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ಇಂಗು, ಸಾಸಿವೆಯ ಘಾಟು ಮೂಗಿಗೆ ಬಡಿಯಿತು. ಒಣ ಸೌಟಿನಿಂದ ಒಂದು ಮಿಡಿ ಎತ್ತಿದರು, ಆಮೇಲೆ ಇನ್ನೊಂದು, ಮತ್ತೊಂದು. ಅಲ್ಲಿಗೆ ಅವರ ಕೈ ನಿಂತಿತು. ಎಲ್ಲದಕ್ಕೂ ಬೆರಳ ಗೆಣ್ಣಿನಷ್ಟು ಉದ್ದದ ತೊಟ್ಟು ಇತ್ತು.

ಒಂದನ್ನು ಕಚ್ಚಿ ನೋಡಿದೆ. ಕಪ್ಪಾಗಿತ್ತು, ಆದರೆ ಗಟ್ಟಿಯಾಗಿ, ಚೂರೂ ಕೆಡದೆ ಇತ್ತು. ನೀಲಕ್ಕ ನೆಲಕ್ಕೆ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತರು. ಅಳು ನಿಂತ ಮೇಲೆ, ಲೇಬಲ್ಲಿಗೆ ಒಂಬತ್ತು ವರ್ಷ ಎಂದೇ ಹಾಕೋಣವೇ ಎಂದು ಕೇಳಿದೆ.

ಅವರು ಭರಣಿಯ ಬಾಯನ್ನು ಮೊದಲಿನಂತೆ ಕಟ್ಟಿದರು.

"ಬ್ಯಾಡ, ಹನ್ನೆರಡು ತಿಂಗಳೇ ಹಾಕು ಮಾರಾಯ. ಇದನ್ನ ಎತ್ತಿಟ್ಟ ಅತ್ತೇರೂ ಬಾಯಲ್ಲಿ ದೀಪಾವಳಿ ಅಂತ್ಲೇ ಹೇಳಿದ್ರು."