ಪೂಜೆ ಬಿಟ್ಟು ಏಳದವನು

ಅಕ್ಕ ಕರೆದಳು. ನನಗೆ ಕೇಳಿಸಿತು. ನಾನು ಏಳಲಿಲ್ಲ.

ಇದನ್ನು ಮೊದಲೇ ಬರೆದುಬಿಡುತ್ತೇನೆ. ಹನ್ನೊಂದು ತಿಂಗಳು ಇದನ್ನು ಮುಚ್ಚಿಟ್ಟುಕೊಂಡು ಎಲ್ಲರ ಮುಂದೆ ಓಡಾಡಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕಾನಹೊಸಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಬರೆದು ರೂಢಿಯಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹೋದ ವರ್ಷದ ಶ್ರಾವಣ. ಬೆಳಗಿನ ಐದೂವರೆ. ಪೂಜೆಗೆ ಕೂತಿದ್ದೆ. ನಮ್ಮದು ಲಿಂಗಪೂಜೆ. ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಳ್ಳಬೇಕು. ಬಲಗೈಯಿಂದ ನೀರು ಬಿಟ್ಟು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಅದನ್ನೇ ನೋಡುತ್ತ ಕೂರಬೇಕು. ಹೆಚ್ಚಿನವರು ಹತ್ತು ನಿಮಿಷದಲ್ಲಿ ಮುಗಿಸಿ ಕೆಲಸಕ್ಕೆ ಹೋಗುತ್ತಾರೆ. ನಾನು ಒಂದೂವರೆ ಗಂಟೆ ಕೂರುತ್ತಿದ್ದೆ. ನಡುವೆ ಯಾರು ಬಂದರೂ ಮಾತಿಲ್ಲ. ಈ ನೇಮ ಯಾವ ಸ್ವಾಮಿಗಳೂ ಹಾಕಿದ್ದಲ್ಲ, ನಾನೇ ಹಾಕಿಕೊಂಡದ್ದು. ಜೋಳ ತಂದ ಹೆಂಗಸರು ಹೊರಗೆ ಕಾಯುತ್ತ, ಸಿದ್ದಪ್ಪ ಮದುವಿ ಬ್ಯಾಡ ಅಂದ, ಮಠದಾಗ ಇರಬೇಕಾದವ ಇಲ್ಲಿ ಹಿಟ್ಟು ಬೀಸಾಕ ಹತ್ಯಾನ ಎಂದು ಮಾತಾಡಿಕೊಳ್ಳುತ್ತಿದ್ದರು. ನನ್ನ ಕಣ್ಣು ಲಿಂಗದ ಮೇಲಿರುತ್ತಿತ್ತು. ಕಿವಿ ಅವರ ಮಾತಿನ ಮೇಲಿರುತ್ತಿತ್ತು.

ಅಕ್ಕ ಗಂಗಮ್ಮ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಕೋಗಳಿಯಿಂದ ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಅವ್ವ ಸತ್ತಾಗ ನನಗೆ ಒಂಬತ್ತು ವರ್ಷ. ಸಾಕಿದವಳು ಆಕೆಯೇ. ಲಿಂಗ ಹಿಡಿಯುವುದನ್ನು ನನಗೆ ಕಲಿಸಿದವಳೂ ಅಕ್ಕನೇ. ಕೈ ಅಲುಗಾಡಿಸಬ್ಯಾಡ, ಎದಿ ಮಟ್ಟಕ್ಕ ಹಿಡಿ ಎಂದು ನನ್ನ ಪುಟ್ಟ ಅಂಗೈ ಕೆಳಗೆ ತನ್ನ ಅಂಗೈ ಆನಿಸಿ ಕೂರುತ್ತಿದ್ದಳು. ದೊಡ್ಡವನಾದ ಮೇಲೆ ನಾನು ಪೂಜೆಯಲ್ಲಿರುವಾಗ ಗಿರಣಿ ಶುರು ಮಾಡುವುದು, ಕರೆಂಟು ಹೋದರೆ ಬೆಲ್ಟು ಇಳಿಸುವುದು, ಬಂದವರ ಡಬ್ಬಿ ಸಾಲಾಗಿ ಇಡುವುದು, ರೊಟ್ಟಿ ಬಡಿಯುವುದು, ಎಲ್ಲವೂ ಆಕೆಯದೇ. ಒಲೆಯ ಮೇಲಿಟ್ಟ ಎಸರು ಕುದಿಯುವಷ್ಟರಲ್ಲಿ ಆಕೆಯ ಪೂಜೆ ಮುಗಿಯುತ್ತಿತ್ತು. ಅದನ್ನು ಕಂಡು ನಾನು ಒಳಗೊಳಗೇ ನಗುತ್ತಿದ್ದೆ.

ಅವತ್ತು ಅಡುಗೆಮನೆಯಲ್ಲಿ ಕೊಡ ಬಿದ್ದ ಸದ್ದಾಯಿತು. ತಮ್ಮಾ ಎಂದಳು. ಎರಡನೇ ಸಲ ಕರೆದಾಗ ನಾಲಿಗೆ ತೊದಲಿತು. ಮೂರನೆಯದು ಬರೀ ಸದ್ದು. ದೇವರ ಕೋಣೆಯ ಬಾಗಿಲು ಅಡುಗೆಮನೆಗೆ ಎದುರಾಗಿದೆ. ತಲೆಯೆತ್ತಿದೆ. ಅಕ್ಕ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿದಳು.

ನಾನು ಕಣ್ಣು ತಗ್ಗಿಸಿದೆ.

ಕಾಲು ಜಾರಿದೆ, ಈಗ ಏಳುತ್ತಾಳೆ ಅಂದುಕೊಂಡೆ. ಅದೂ ಪೂರ್ತಿ ನಿಜವಲ್ಲ. ಏಳಬೇಕು ಅನ್ನಿಸಿತ್ತು. ಆದರೆ ಶ್ರಾವಣದ ನೇಮ ಮುಗಿಯಲು ಮೂರೇ ದಿನ ಉಳಿದಿತ್ತು. ನಡುವೆ ಎದ್ದರೆ ಇಡೀ ತಿಂಗಳು ಕೂತದ್ದು ಹಾಳು. ಕೊಡ ಬಿದ್ದದ್ದಕ್ಕೆ ನೇಮ ಮುರಿದ ಅಂತ ಓಣಿಯವರು ಅನ್ನುತ್ತಾರೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ದೇವರು ಇರಲಿಲ್ಲ.

ಏಳು ಗಂಟೆಗೆ ಓಣಿಯ ಕೊನೆಯ ಮನೆಯ ಹುಲಿಗೆಮ್ಮ ಜೋಳದ ಡಬ್ಬಿ ಹೊತ್ತುಕೊಂಡು ಬಂದು ಕೂಗಿಕೊಂಡಳು. ಆಗ ಎದ್ದೆ. ಆಗಷ್ಟೇ ಕಂಡವನ ಹಾಗೆ ಓಡಿದೆ. ಅಕ್ಕನ ಸೀರೆ ಒದ್ದೆಯಾಗಿತ್ತು. ಬಾಯಿ ಎಡಕ್ಕೆ ಸೊಟ್ಟಗಾಗಿತ್ತು. ಹುಲಿಗೆಮ್ಮ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಹಣೆಯ ವಿಭೂತಿ ನೋಡಿದಳು.

"ಪೂಜಿ ಮುಗೀತೇನಪ್ಪ?" ಎಂದಳು.



ಬಾಡಿಗೆಗೆ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಕೂಡ್ಲಿಗಿ ಆಸ್ಪತ್ರೆಗೆ ಹೋದೆವು. ಅಲ್ಲಿ ಡ್ರಿಪ್ ಹಾಕಿ ದಾವಣಗೆರೆಗೆ ಬರೆದುಕೊಟ್ಟರು. ಸಿ.ಟಿ. ಸ್ಕ್ಯಾನ್ ಆಯಿತು. ಸ್ಟ್ರೋಕ್ ಎಂದರು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿದೆ. ಬಲಗೈ, ಬಲಗಾಲು, ಮಾತು, ಮೂರೂ ಹೋಗಿವೆ. ಚಿಕ್ಕ ವಯಸ್ಸಿನ ಡಾಕ್ಟರು, ಎಷ್ಟು ಗಂಟೆಗೆ ಆಯಿತು ಎಂದು ಕೇಳಿದರು. ಅಕ್ಕ ಸ್ಟ್ರೆಚರ್ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದಳು.

"ಏಳಕ್ಕ ನೋಡಿದ್ವಿ ಸಾರ್," ಎಂದೆ.

ನನ್ನ ಸುಳ್ಳು ಕೇಸ್ ಶೀಟಿಗೆ ಹೋಯಿತು. ಮಾತು ವಾಪಸ್ ಬರುತ್ತದಾ ಎಂದು ಕೇಳಿದೆ.

"ಹೇಳೋಕಾಗಲ್ಲ. ಆದ್ರೆ ನೀವು ಹೇಳೋದು ಅವರಿಗೆ ಅರ್ಥ ಆಗ್ತಿದೆ. ಮಾತಾಡಿಸ್ತಾ ಇರಿ," ಎಂದರು.

ಮೊದಲು ನನಗಾದದ್ದು ಸಮಾಧಾನ. ಆಕೆ ಯಾರಿಗೂ ಹೇಳಲಾರಳು.

ಈ ಸಾಲು ಬರೆದು ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ಬಂದೆ.

ಡಿಸ್ಚಾರ್ಜ್ ದಿನ, ಬೇರೆ ಯಾರದೋ ವಿಷಯ ಕೇಳುವವನಂತೆ, ಇಂಥವರನ್ನು ಒಂದೂವರೆ ಗಂಟೆ ಮೊದಲೇ ಕರೆತಂದರೆ ಉಪಯೋಗ ಆಗುತ್ತಿತ್ತಾ ಎಂದು ಅದೇ ಡಾಕ್ಟರನ್ನು ಕೇಳಿದೆ. ಆಗುತ್ತಿತ್ತೇನೋ, ಆಗುತ್ತಿರಲಿಲ್ಲವೇನೋ ಎಂದರು. ಆ ಎರಡು ಮಾತಿನ ನಡುವೆ ನಾನು ಈಗಲೂ ಇದ್ದೇನೆ. ಮೆದುಳಿನ ಲೆಕ್ಕ ಡಾಕ್ಟರಿಗೆ ಬಿಟ್ಟದ್ದು. ಆದರೆ ಒಡಹುಟ್ಟಿದವನು ಎದುರಿಗೇ ಕೂತಿರುವಾಗ ಆಕೆ ತಣ್ಣನೆಯ ನೆಲದ ಮೇಲೆ ಒಬ್ಬಳೇ ಬಿದ್ದಿದ್ದಳಲ್ಲ, ಅದಕ್ಕೆ ಯಾವ ಡಾಕ್ಟರೂ ಬೇಕಿಲ್ಲ.

ಮನೆಗೆ ಬಂದ ಮೇಲೆ ಅಕ್ಕನ ಮೈ ತೊಳೆಯುವುದು, ಬಟ್ಟೆ ಬದಲಿಸುವುದು ಎಲ್ಲಾ ಹುಲಿಗೆಮ್ಮನೇ ಮಾಡಿದಳು. ನಾನು ಮಾತ್ರೆ ತರುತ್ತಿದ್ದೆ, ಗಿರಣಿ ನೋಡುತ್ತಿದ್ದೆ. ನಾನು ಒಳಗೆ ಬಂದರೆ ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಎರಡು ತಿಂಗಳಾದ ಮೇಲೆ ಹುಲಿಗೆಮ್ಮ ಮಗಳ ಬಾಣಂತನಕ್ಕೆಂದು ಹಗರಿಬೊಮ್ಮನಹಳ್ಳಿಗೆ ಹೊರಟಳು. ಬೇರೆ ಯಾರನ್ನಾದರೂ ಗೊತ್ತು ಮಾಡಿಕೊಡು ಎಂದೆ.

"ಯಾಕ, ನಿನ್ನ ಕೈಗೇನಾಗೈತಿ? ಆಕಿ ನಿನ್ನ ಕುಂಡಿ ತೊಳಿಲಿಲ್ಲೇನು?" ಎಂದು ಬಸ್ಸು ಹತ್ತಿದಳು.

ಮೊದಲ ದಿನ ಮುಖ ಆಚೆ ತಿರುಗಿಸಿಕೊಂಡು ತೊಳೆದೆ. ಅಕ್ಕ ಎಡಗೈಯಿಂದ ಮುಖ ಮುಚ್ಚಿಕೊಂಡಳು. ಇಬ್ಬರಿಗೂ ನಾಚಿಕೆ. ಎರಡನೇ ದಿನವೂ ಹಾಗೇ. ಮೂರನೇ ದಿನ ಸೊಂಟದ ಕೆಳಗೆ ಬೆಡ್ ಸೋರ್ ಕಂಡಿತು. ಹುಣ್ಣು ಅಂಗೈ ಅಗಲ ಇತ್ತು. ಅದನ್ನು ಮುಖ ತಿರುಗಿಸಿಕೊಂಡು ತೊಳೆಯಲು ಬರುವುದಿಲ್ಲ. ಅದನ್ನೇ ನೋಡುತ್ತ, ಕೈ ಅಲುಗಾಡದಂತೆ, ಉಸಿರು ಬಿಗಿಹಿಡಿದು ಡ್ರೆಸ್ಸಿಂಗ್ ಮಾಡಬೇಕು. ಮಾಡಿ ಮುಗಿಸಿದಾಗ ಅರ್ಧ ಗಂಟೆಯಾಗಿತ್ತು. ಹೊರಗೆ ಯಾರು ಏನು ಮಾತಾಡಿದರೋ ನನಗೆ ಕೇಳಿಸಿರಲಿಲ್ಲ.

ಗಂಜಿ ಕುಡಿಸುವಾಗ ಬಾಯಿಯ ಬಲಗಡೆಯಿಂದ ಸೋರುತ್ತಿತ್ತು. ಗದ್ದದ ಕೆಳಗೆ ಎಡ ಅಂಗೈ ಹಿಡಿಯುತ್ತಿದ್ದೆ. ಲಿಂಗ ಹಿಡಿಯುವ ಕೈ ಎಂದು ಮೊದಲು ಮೂರು ಮೂರು ಸಲ ತೊಳೆದುಕೊಳ್ಳುತ್ತಿದ್ದೆ. ಆಮೇಲೆ ಒಂದೇ ಸಲ. ಯಾವಾಗ ಬದಲಾಯಿತೋ ನೆನಪಿಲ್ಲ.

ಇಷ್ಟಕ್ಕೇ ನಾನು ಒಳ್ಳೆಯವನಾದೆ ಅಂತ ತಿಳಿಯಬೇಡಿ. ಗಿರಣಿಯ ಮುಂದೆ ಹೆಂಗಸರು, ತಮ್ಮ ಅಂದ್ರ ಹಿಂಗಿರಬೇಕು ಎಂದು ಶುರು ಮಾಡಿದ್ದರು. ಒಳಗೆ ಮಲಗಿದವಳಿಗೂ ಅದು ಕೇಳುತ್ತಿತ್ತು. ನಾನು ಮತ್ತೆ ಕಿವಿ ಕೊಡತೊಡಗಿದ್ದೆ.

ಮಾರ್ಚ್ ಬಂತು. ಬಾಣಂತನ ಮುಗಿಸಿ ಬಂದ ಹುಲಿಗೆಮ್ಮ ಅಕ್ಕನ ತಲೆ ನೋಡಿ, ನನಗಿಂತ ನೆಟ್ಟಗ ಬೈತಲಿ ತಗೀತಿಯಲ್ಲೋ ಎಂದು ನಕ್ಕಳು. ಆ ವಾರ ಅಕ್ಕ ಎಡಗೈಯಿಂದ ಕೊರಳ ದಾರ ಎಳೆಯುತ್ತಿದ್ದಳು. ತುರಿಕೆ ಎಂದುಕೊಂಡು ಪೌಡರ್ ಹಾಕಿದೆ. ಮೂರು ದಿನ ಪೌಡರ್ ಹಾಕಿದೆ. ಹುಲಿಗೆಮ್ಮ ಲಿಂಗ ಕಟ್ಟುವ ಜಾತಿಯವಳಲ್ಲ. ಆಕೆಗೆ ಒಂದು ನೋಟಕ್ಕೇ ತಿಳಿಯಿತು.

"ಪೂಜಿ ಮಾಡಬೇಕಂತಾಳೋ. ನಿನಗ ತಿಳೀಲಿಲ್ಲೇನು?"

ಏಳು ತಿಂಗಳು. ನಾನು ದಿನವೂ ಎದುರಿನ ಕೋಣೆಯಲ್ಲಿ ಕೂತು ನನ್ನ ಪೂಜೆ ಮಾಡಿಕೊಂಡಿದ್ದೆ. ಅಂಗೈಯಲ್ಲಿ ಲಿಂಗ ಹಿಡಿಯಲು ಆಕೆಗೆ ಎಡಗೈ ಇತ್ತು. ನೀರು ಬಿಡಲು ಬಲಗೈ ಇರಲಿಲ್ಲ. ಆ ಬಲಗೈ ನಾನಾಗಬಹುದು ಎಂಬುದು ಇಷ್ಟು ದೊಡ್ಡ ಪೂಜಾರಿಯ ತಲೆಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ದಿಂಬು ಕೊಟ್ಟು ಕೂರಿಸಿದೆ. ಲಿಂಗ ಬಿಚ್ಚಿ ಆಕೆಯ ಎಡ ಅಂಗೈಯಲ್ಲಿಟ್ಟೆ. ಕೈ ಎದೆ ಮಟ್ಟಕ್ಕೆ ನಿಲ್ಲಲಿಲ್ಲ. ಅದರ ಕೆಳಗೆ ನನ್ನ ಎಡ ಅಂಗೈ ಆನಿಸಿದೆ. ನನ್ನ ಬಲಗೈಯಿಂದ ನೀರು ಬಿಟ್ಟೆ, ವಿಭೂತಿ ಹಚ್ಚಿದೆ, ಪತ್ರೆ ಇಟ್ಟೆ. ಹತ್ತು ನಿಮಿಷ ಆಗಿರಬೇಕು. ಅಕ್ಕ ಲಿಂಗ ನೋಡುತ್ತಿದ್ದಳು. ನಾನು ಅಕ್ಕನನ್ನು ನೋಡುತ್ತಿದ್ದೆ. ಇಪ್ಪತ್ತು ವರ್ಷ ಒಂದೂವರೆ ಗಂಟೆ ಕೂತು ನಾನು ಯಾರನ್ನು ಹುಡುಕಿದ್ದೆನೋ, ಆತ ಆ ಎರಡು ಅಂಗೈಗಳ ಬಿಸಿಯಲ್ಲೇ ಇದ್ದಾನೆ ಅನ್ನಿಸಿತು. ಅದಕ್ಕಿಂತ ಹೆಚ್ಚು ಹೇಳುವ ಯೋಗ್ಯತೆ ನನಗಿಲ್ಲ. ಅವತ್ತಿನಿಂದ ಮೊದಲು ಆಕೆಯ ಪೂಜೆ. ನನ್ನದು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಆಕೆ ಕಣ್ಣು ಮುಚ್ಚಿಕೊಳ್ಳುವುದನ್ನು ನಿಲ್ಲಿಸಿದಳು.

ಹೋದ ತಿಂಗಳು ಅಕ್ಕ ತೀರಿಕೊಂಡಳು. ನ್ಯುಮೋನಿಯಾ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಎಡ ಅಂಗೈಯಲ್ಲಿ ಆಕೆಯ ಲಿಂಗವಿಟ್ಟು ಬೆರಳು ಮಡಿಸಿದವನು ನಾನೇ. ಈಗ ಮತ್ತೆ ಶ್ರಾವಣ ಬಂದಿದೆ. ನೇಮ ಹಿಡಿದಿಲ್ಲ. ಯಾರಾದರೂ ಕರೆದರೆ ಪೂಜೆಯ ನಡುವೆ ಎದ್ದು ಹೋಗುತ್ತೇನೆ. ಆ ಹನ್ನೊಂದು ತಿಂಗಳು ನನಗೆ ಸಿಗದೆ ಹೋಗಬಹುದಿತ್ತು. ಸಿಕ್ಕಿತು. ಅದಕ್ಕೆ ಕೈ ಮುಗಿಯುತ್ತೇನೆ, ಕೈ ಮುಗಿಯಲೂ ನಾಚಿಕೆಯಾಗುತ್ತದೆ.

ಆಕೆ ಹೋಗುವ ನಾಲ್ಕು ದಿನ ಮೊದಲಿನ ಒಂದು ಬೆಳಗಿನ ಮಾತು ಉಳಿದಿದೆ. ಜ್ವರ ಆಗಲೇ ಶುರುವಾಗಿತ್ತು. ಲಿಂಗ ಅಕ್ಕನ ಅಂಗೈಯಲ್ಲಿತ್ತು, ಅಂಗೈ ನನ್ನ ಅಂಗೈಯಲ್ಲಿತ್ತು. ನೀರು ಬಿಡುತ್ತಿದ್ದವನ ಕೈ ನಿಂತಿತು. ಬಾಗಿಲಲ್ಲಿ ಹುಲಿಗೆಮ್ಮ ಇದ್ದಳು, ಆಕೆಯ ಹಿಂದೆ ಜೋಳದ ಡಬ್ಬಿ ಹಿಡಿದ ಇಬ್ಬರು ಹೆಂಗಸರಿದ್ದರು. ನಾನು ದನಿ ತಗ್ಗಿಸಲಿಲ್ಲ. ಕೇಳಿ ಅಕ್ಕನಿಗೆ ಏನನ್ನಿಸಿತೋ ನನಗೆ ಗೊತ್ತಿಲ್ಲ, ಕೈಯನ್ನು ಮಾತ್ರ ಎಳೆದುಕೊಳ್ಳಲಿಲ್ಲ. ಪೂಜೆಯ ನಡುವೆ ನಾನು ಬಾಯಿ ಬಿಟ್ಟದ್ದು ಅದೇ ಮೊದಲು.

"ಅಕ್ಕಾ, ಅವತ್ತು ನೀನು ಕರದದ್ದು ನನಗ ಕೇಳಿಸಿತ್ತು. ಮೂರು ಸಲ ಕರದಿ. ನೀ ಬಿದ್ದದ್ದು ಕಣ್ಣಾರೆ ನೋಡಿದೆ. ನೋಡಿ ಕುಂತೇ ಇದ್ದೆ. ಎಲ್ಲಾರಿಗೂ ಸುಳ್ಳು ಹೇಳೀನಿ. ತಪ್ಪಾತು ಅಕ್ಕಾ. ನನ್ನ ತಪ್ಪಾತು."