ಸೆಕೆಂಡಿನ ಮುಳ್ಳಿಲ್ಲದ ವಾಚು

ಇಪ್ಪತ್ತೆರಡು ವರ್ಷದ ನರ್ಸ್ ಕೆಲಸದಿಂದ ಉದ್ಯಾವರದ ಅಪೊಲೋನಿಯಾಳಿಗೆ ಸಿಕ್ಕಿದ್ದು ಮೊಣಕಾಲಿನ ಕೆಳಗೆ ಹಗ್ಗದ ಹಾಗೆ ಉಬ್ಬಿದ ನರಗಳು ಮತ್ತು ಯಾರೂ ಕೇಳದ ಒಂದು ವಿದ್ಯೆ. ತಲೆಗೆ ಪೆಟ್ಟು ಬಿದ್ದು ಬಂದವರಲ್ಲಿ ಯಾರ ಉಸಿರು ಕೈಕೊಡುತ್ತದೆ, ಯಾರಿಗೆ ಉಸಿರಾಟದ ಯಂತ್ರ ಬೇಕಾಗುತ್ತದೆ ಎಂಬುದು ಆಕೆಗೆ ಮೊದಲೇ ತಿಳಿಯುತ್ತಿತ್ತು. ಕವಡೆ ಹಾಕಿ ನೋಡಿದ್ದಲ್ಲ. ಅಪ್ಪನಿಗೆ ಉಬ್ಬಸ ಇತ್ತು. ಆ ಉಸಿರನ್ನು ಗೋಡೆಯ ಆಚೆಯಿಂದ ಕೇಳುತ್ತಲೇ ಬೆಳೆದವಳು. ಕಫ ಎಳೆಯಲು ಗಂಟಲಿಗೆ ನಳಿಗೆ ಇಳಿಸಿದಾಗ ಕೆಮ್ಮದೆ ಸುಮ್ಮನೆ ಮಲಗಿದ್ದವನ ಮೇಲೆ ಆಕೆಗೆ ಒಂದು ಕಣ್ಣು. ಏಳೆಂಟು ಉಸಿರು ಓಡಿ, ತಡೆದು ನಿಂತು, ಮತ್ತೆ ಓಡುವವನ ಮೇಲೆ ಎರಡೂ ಕಣ್ಣು.

ಆಸ್ಪತ್ರೆ ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ದಾರಿಯಲ್ಲಿತ್ತು. ಹೆಸರು ಬೇಡ. ಈಗ ಅದು ಇಲ್ಲ, ಇದ್ದಿದ್ದರೂ ನಾನು ಹೇಳುತ್ತಿರಲಿಲ್ಲ. ಅಲ್ಲಿ ಉಸಿರಾಟದ ಯಂತ್ರಗಳು ಎರಡು. ಒಂದು ಕೆಲಸ ಮಾಡುತ್ತಿತ್ತು, ಇನ್ನೊಂದು ಬೊಂಬಾಯಿಯಿಂದ ಬರಬೇಕಾದ ಯಾವುದೋ ಬಿಡಿಭಾಗಕ್ಕೆ ಕಾಯುತ್ತ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು.

ಪ್ರತಿ ಮಂಚದ ಕಾಲ ಬದಿಯಲ್ಲಿ ಒಂದು ಚಾರ್ಟು. ಜ್ವರ, ನಾಡಿ, ರಕ್ತದೊತ್ತಡ, ಕೊನೆಯಲ್ಲಿ ಉಸಿರು. ಮೊದಲ ಮೂರನ್ನು ಎಲ್ಲರೂ ನೋಡಿಯೇ ಬರೆಯುತ್ತಿದ್ದರು. ಉಸಿರು ಎಣಿಸಬೇಕಾದರೆ ಒಂದಿಡೀ ನಿಮಿಷ ಏನೂ ಮಾಡದೆ ರೋಗಿಯ ಪಕ್ಕ ನಿಲ್ಲಬೇಕು. ಹದಿನಾಲ್ಕು ಮಂಚಕ್ಕೆ ಇಬ್ಬರು ನರ್ಸುಗಳಿರುವಲ್ಲಿ ಯಾರಿಗುಂಟು ಆ ನಿಮಿಷ? ಹಾಗಾಗಿ ಇಪ್ಪತ್ತು ಎಂದು ಬರೆಯುವುದು ರೂಢಿ. ಅಪೊಲೋನಿಯಾ ಕೆಲಸಕ್ಕೆ ಸೇರಿದ ವಾರವೇ ಹಿರಿಯ ನರ್ಸುಗಳು ಅದನ್ನು ಕಲಿಸಿದ್ದರು. ಮುಂದೆ ಆಕೆಯೂ ಕಿರಿಯರಿಗೆ ಕಲಿಸಿದಳು. ಆ ವಾರ್ಡಿನಲ್ಲಿ ಸತ್ತವರು ಕೂಡ ಸಾಯುವ ಅರ್ಧ ಗಂಟೆ ಮೊದಲು ನಿಮಿಷಕ್ಕೆ ಸರಿಯಾಗಿ ಇಪ್ಪತ್ತು ಸಲ ಉಸಿರಾಡಿದವರೇ.

ಆಕೆಯ ವಾಚಿಗಂತೂ ಸೆಕೆಂಡಿನ ಮುಳ್ಳೇ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಕಳಚಿ ಬಿದ್ದದ್ದು. ನಾಡಿ ನೋಡಲು ಗೋಡೆಯ ಗಡಿಯಾರದ ಕಡೆಗೆ ಕತ್ತು ತಿರುಗಿಸುತ್ತಿದ್ದಳು. ಗಂಡ ವಲೇರಿಯನ್ ಉಡುಪಿಯಲ್ಲಿ ವಾಚು ರಿಪೇರಿ ಮಾಡಿಯೇ ಸಂಸಾರ ಸಾಕಿದವನು. ಕೇಳಿದಾಗಲೆಲ್ಲ "ನಾಳೆ ಹಾಕಿ ಕೊಡುವ" ಎನ್ನುತ್ತಿದ್ದ. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿದ್ದಾರೆಯೇ! ಕೇಳಿ ಕೇಳಿ ಆಕೆಗೂ ಸಾಕಾಗಿತ್ತು. ಆ ವಯಸ್ಸಿನಲ್ಲಿ ಎಲ್ಲದಕ್ಕೂ ಸಾಕಾಗಿರುತ್ತದೆ.

ಎಂಬತ್ತೆರಡನೆಯ ಇಸವಿಯಲ್ಲಿ ಕಾರ್ಕಳದ ಕರುಣಾಕರ ಎಂಬ ಯುವ ಡಾಕ್ಟರ್ ವಾರ್ಡಿಗೆ ಬಂದ. ಮೇಲಿನ ಪರೀಕ್ಷೆಗೆ ಆತ ಒಂದು ಪ್ರಬಂಧ ಬರೆಯಬೇಕಿತ್ತು. ತಲೆಗೆ ಪೆಟ್ಟಾದವರಲ್ಲಿ ಯಾರಿಗೆ ಯಂತ್ರ ಬೇಕಾಗುತ್ತದೆ ಎಂದು ಅಂಕ ಹಾಕಿ ಹೇಳುವುದೇ ಅದರ ವಿಷಯ. ಪ್ರಜ್ಞೆಗೆ ಇಷ್ಟು, ಕಣ್ಣಿನ ಪಾಪೆಗೆ ಇಷ್ಟು, ಉಸಿರಿನ ಸಂಖ್ಯೆಗೆ ಇಷ್ಟು; ಒಟ್ಟು ಏಳು ದಾಟಿದರೆ ಯಂತ್ರ. ಎರಡು ವರ್ಷ ಕಾಲ ಹಳೆಯ ಚಾರ್ಟುಗಳ ಧೂಳು ಕುಡಿದು ನೂರ ಎಪ್ಪತ್ತೆರಡು ರೋಗಿಗಳ ಲೆಕ್ಕ ತೆಗೆದ. ಒಳ್ಳೆಯ ಹುಡುಗ, ಊಟ ಬಿಟ್ಟು ಕೆಲಸ ಮಾಡುವವನು. ಆತ ಚಾರ್ಟಿನ ಕಟ್ಟು ಬಿಚ್ಚುವುದನ್ನು ಕಂಡಾಗಲೆಲ್ಲ ಇಪ್ಪತ್ತರ ಗುಟ್ಟು ಅಪೊಲೋನಿಯಾಳ ನಾಲಗೆಯ ತುದಿಯವರೆಗೆ ಬರುತ್ತಿತ್ತು. ಅಷ್ಟರಲ್ಲಿ ಯಾವುದೋ ಮಂಚದಿಂದ ಕರೆ ಬರುತ್ತಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ಒಂದೇ ಬೆಳಿಗ್ಗೆ ಇಬ್ಬರು ಬಂದರು. ಒಬ್ಬ ಇನ್ನಂಜೆಯ ಕಿಟ್ಟ, ತೆಂಗಿನ ಮರದಿಂದ ಬಿದ್ದವನು. ಇನ್ನೊಬ್ಬ ಕಾಪುವಿನ ಕಬೀರ್, ಇಪ್ಪತ್ನಾಲ್ಕರ ಹುಡುಗ, ದುಬೈಯಿಂದ ರಜೆಯಲ್ಲಿ ಬಂದು ಸ್ಕೂಟರಿನಿಂದ ಬಿದ್ದವನು. ಕಿಟ್ಟನ ಅಂಕ ಒಂಬತ್ತು. ಇದ್ದ ಒಂದು ಯಂತ್ರ ಆತನಿಗೆ ಹೋಯಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಕಬೀರನದ್ದು ಐದು. ಮಧ್ಯಾಹ್ನದ ಹೊತ್ತಿಗೆ ಆತನನ್ನು ಮೇಲಿನ ಮಹಡಿಯ ಸಾಮಾನ್ಯ ವಾರ್ಡಿಗೆ ಸಾಗಿಸಿ ಎಂದು ಕರುಣಾಕರ ಬರೆದ. ಅಲ್ಲಿ ನಲವತ್ತು ಮಂಚ, ಒಬ್ಬಳೇ ನರ್ಸ್.

ತಳ್ಳುಗಾಡಿ ಬರುವ ಮೊದಲು ಅಪೊಲೋನಿಯಾ ಕಬೀರನ ಗಂಟಲಿನ ಕಫ ಎಳೆದಳು. ಹುಡುಗ ಕೆಮ್ಮಲಿಲ್ಲ. ನಳಿಗೆಯನ್ನು ಇನ್ನಷ್ಟು ಇಳಿಸಿದಳು. ಆಗಲೂ ಇಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟಳು; ಉಸಿರು ಅಟ್ಟಿಸಿಕೊಂಡು ಬಂದವರಂತೆ ಓಡಿತು, ನಿಂತಿತು, ಮತ್ತೆ ಓಡಿತು. ಹೊರಗೆ ಬೆಂಚಿನ ಮೇಲೆ ಆತನ ತಾಯಿ ನಫೀಸಮ್ಮ ತಸ್ಬಿಯ ಜಪಮಣಿ ಎಣಿಸುತ್ತ ಕೂತಿದ್ದರು.

"ಡಾಕ್ಟ್ರೇ, ಈ ಹುಡುಗನನ್ನು ಮೇಲೆ ಕಳಿಸುವುದು ಬೇಡ" ಎಂದಳು ಅಪೊಲೋನಿಯಾ. "ಸಂಜೆಯ ಒಳಗೆ ಉಸಿರು ನಿಲ್ಲುತ್ತದೆ."

ಕರುಣಾಕರ ಚಾರ್ಟು ನೋಡಿದ. "ಎಂಟು ಗಂಟೆಗೆ ಇಪ್ಪತ್ತು, ಹತ್ತಕ್ಕೆ ಇಪ್ಪತ್ತು, ಹನ್ನೆರಡಕ್ಕೆ ಇಪ್ಪತ್ತು. ಚೆನ್ನಾಗಿಯೇ ಉಂಟಲ್ಲ ಸಿಸ್ಟರ್. ನೀವೇ ಬರೆದದ್ದು ಅಲ್ವಾ?"

ಆತ ಸಹಜವಾಗಿಯೇ ಕೇಳಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಕೆಯ ಕೈ ಎದೆಗೆ ಚುಚ್ಚಿಕೊಂಡಿದ್ದ ವಾಚಿಗೆ ಹೋಯಿತು. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹುಡುಗ ಮೇಲಿನ ವಾರ್ಡಿನಲ್ಲಿ ಸಾಯುತ್ತಾನೆ, ಸಾಯುವಾಗಲೂ ಆತನ ಚಾರ್ಟು ಚೆನ್ನಾಗಿಯೇ ಇರುತ್ತದೆ. ಆಕೆ ಪಿನ್ನು ತೆಗೆದು ವಾಚನ್ನು ಕರುಣಾಕರನ ಅಂಗೈಯಲ್ಲಿ ಇಟ್ಟಳು.

"ಇದರಲ್ಲಿ ಸೆಕೆಂಡಿನ ಮುಳ್ಳೇ ಇಲ್ಲ ಡಾಕ್ಟ್ರೇ. ನಾನು ಎಣಿಸಲಿಲ್ಲ. ಸುಮ್ಮನೆ ಬರೆದದ್ದು."

"ಇವತ್ತಾ?"

"ಯಾವಾಗಲೂ."

ಕರುಣಾಕರ ಪಕ್ಕದ ಮಂಚದ ಚಾರ್ಟು ಎತ್ತಿ ನೋಡಿದ. "ಎಲ್ಲ ಚಾರ್ಟೂ ಹೀಗೆಯಾ? ನೀವೊಬ್ಬರೇ ಅಥವಾ..."

"ಬೇರೆಯವರ ಹೆಸರು ನನ್ನ ಬಾಯಿಯಿಂದ ಬೇಡ. ಮೊದಲು ಈ ಹುಡುಗನ ಉಸಿರು ಎಣಿಸಿ."

ಆತ ಆಕೆಯ ವಾಚನ್ನು ವಾಪಸು ಕೊಟ್ಟು, ತನ್ನ ವಾಚು ನೋಡಿಕೊಂಡು ಎಣಿಸಿದ. ಮೂವತ್ತಾರು, ನಡುವೆ ಹತ್ತು ಸೆಕೆಂಡು ಏನೂ ಇಲ್ಲ. ಕೂಡಲೇ ಶ್ವಾಸನಾಳಕ್ಕೆ ನಳಿಗೆ ಹಾಕಿದ. ಯಂತ್ರ ಖಾಲಿ ಇರಲಿಲ್ಲವಾದ್ದರಿಂದ ಕೈಯಲ್ಲಿ ಒತ್ತುವ ರಬ್ಬರಿನ ಗಾಳಿಚೀಲ ಜೋಡಿಸಿದ. ಎಲ್ಲ ಮುಗಿದ ಮೇಲೆ ಕೈ ತೊಳೆಯುತ್ತ, ಆಕೆಯ ಮುಖ ನೋಡದೆ, "ನೂರ ಎಪ್ಪತ್ತೆರಡು, ಸಿಸ್ಟರ್" ಎಂದ. ಬೈದಿದ್ದರೆ ಆಕೆಗೆ ಎಷ್ಟೋ ಹಗುರವಾಗುತ್ತಿತ್ತು. ಸಂಜೆ ಐದರ ಹೊತ್ತಿಗೆ ಕಬೀರನ ಸ್ವಂತ ಉಸಿರು ಪೂರ್ತಿ ನಿಂತಿತು. ಚೀಲ ಇದ್ದುದರಿಂದ ಹುಡುಗ ಉಳಿದ.

ಚೀಲ ಒತ್ತಲು ಮನೆಯವರೇ ಬೇಕು. ಆಸ್ಪತ್ರೆಯಲ್ಲಿ ಅಷ್ಟು ಕೈಗಳು ಎಲ್ಲಿಂದ ಬರಬೇಕು? ಕಬೀರನ ಅಣ್ಣ ಅಲಿ, ಮಾವ ಮಮ್ಮು, ನಫೀಸಮ್ಮ ಸರದಿ ಹಾಕಿಕೊಂಡರು. ಅಪೊಲೋನಿಯಾ ತುಳುವಿನಲ್ಲಿ ಹೇಳಿಕೊಟ್ಟಳು. "ಅವಸರ ಬೇಡ ಅಮ್ಮ. ಒತ್ತಿ, ಬಿಡಿ, ಎದೆ ಇಳಿಯುವುದನ್ನು ನೋಡಿ, ಮತ್ತೆ ಒತ್ತಿ."

"ನಾನು ತಪ್ಪಿದರೆ ಎಂತ ಮಾಡುವುದು ಸಿಸ್ಟರಮ್ಮ?"

"ತಪ್ಪುವುದಿಲ್ಲ. ನಿಮಗೆ ಎಣಿಸಿ ಅಭ್ಯಾಸ ಉಂಟಲ್ಲ."

ನಫೀಸಮ್ಮ ತಸ್ಬಿಯನ್ನು ಎಡಗೈಗೆ ತೆಗೆದುಕೊಂಡರು. ಒಂದು ಸುಬ್‌ಹಾನಲ್ಲಾಹ್, ಒಂದು ಮಣಿ, ಬಲಗೈಯಲ್ಲಿ ಒಂದು ಒತ್ತು. ಅಲಿ ಹತ್ತು ನಿಮಿಷಕ್ಕೇ ಅವಸರದಲ್ಲಿ ಒತ್ತಲು ಶುರುಮಾಡುತ್ತಿದ್ದ, ಮಮ್ಮುವಿಗೆ ತೂಕಡಿಕೆ. ತಾಯಿಯ ಕೈ ಮಾತ್ರ ಒಂದೇ ಲಯದಲ್ಲಿತ್ತು. ವಾರ್ಡಿನಲ್ಲಿ ಇಷ್ಟು ವರ್ಷಗಳಲ್ಲಿ ಸುಳ್ಳಿಲ್ಲದೆ ನಡೆದ ಮೊದಲ ಲೆಕ್ಕ ಇದೇ ಎಂದು ಅಪೊಲೋನಿಯಾಳಿಗೆ ಅನಿಸಿತು, ನಾಚಿಕೆಯಾಯಿತು.

ಮೂರನೆಯ ದಿನ ಮಧ್ಯಾಹ್ನ ಕಿಟ್ಟ ತೀರಿಕೊಂಡ. ಆತನ ಹೆಂಡತಿ ಗುಣವತಿ ಗಂಡನ ಬಟ್ಟೆಯ ಗಂಟು ಕಟ್ಟಿಕೊಂಡು ಹೊರಡುವಾಗ ನಫೀಸಮ್ಮನ ಭುಜ ಮುಟ್ಟಿ, "ನಿಮ್ಮವನಾದರೂ ಏಳಲಿ ಅಕ್ಕ" ಎಂದಳು. ನಫೀಸಮ್ಮನಿಗೆ ಅಳು ತಡೆಯಲಾಗಲಿಲ್ಲ, ಅಳುತ್ತಲೇ ಒತ್ತಿದರು. ಒಂದು ಗಂಟೆಯ ನಂತರ ಯಂತ್ರ ಕಬೀರನ ಮಂಚದ ಹತ್ತಿರ ಬಂತು.

ಇತ್ತ ಸುಳ್ಳು ಚಾರ್ಟಿನ ಸುದ್ದಿ ಹರಡಿ ಮೇಟ್ರನ್ ಗ್ಲ್ಯಾಡಿಸ್ ಅಪೊಲೋನಿಯಾಳಿಂದ ಲಿಖಿತ ವಿವರಣೆ ಕೇಳಿದರು. ಆ ವರ್ಷ ಸಿಗಬೇಕಿದ್ದ ಬಡ್ತಿ ತಪ್ಪಿತು. ಜೊತೆಯ ನರ್ಸುಗಳು ಚಹಾದ ಹೊತ್ತಿಗೆ ಬೇರೆ ಮೇಜಿಗೆ ಹೋದರು. "ದೊಡ್ಡ ಹರಿಶ್ಚಂದ್ರನ ವಂಶ" ಎಂದು ಒಬ್ಬಳು ಕೇಳುವ ಹಾಗೆಯೇ ಹೇಳಿದಳು. ಅಪೊಲೋನಿಯಾ ಮನೆಗೆ ಬಂದು ಕಾಲನ್ನು ಬಿಸಿನೀರಿನಲ್ಲಿ ಇಟ್ಟು ಕೂತಳು. ವಲೇರಿಯನ್ ವಾಚು ತೆಗೆದುಕೊಂಡು ಹೋದ. ಮರುದಿನ ಅದರಲ್ಲಿ ಕೆಂಪು ಬಣ್ಣದ ಸೆಕೆಂಡಿನ ಮುಳ್ಳು ಓಡುತ್ತಿತ್ತು. ಬೇರೆ ಯಾವುದೋ ವಾಚಿನದ್ದು, ಒಂದು ಚೂರು ಉದ್ದ.

ಹನ್ನೆರಡನೆಯ ದಿನ ಬೆಳಿಗ್ಗೆ ಕಬೀರನ ಗಂಟಲಿನ ನಳಿಗೆ ತೆಗೆದರು. ತೆಗೆಯುವಾಗ ಕೆಮ್ಮಿದ, ಚೆನ್ನಾಗಿ ಕೆಮ್ಮಿದ. ಅಪೊಲೋನಿಯಾ ಹೊಟ್ಟೆಯ ಮೇಲೆ ಕೈ ಇಟ್ಟು ಕೆಂಪು ಮುಳ್ಳು ಒಂದು ಸುತ್ತು ಬರುವವರೆಗೆ ಎಣಿಸಿದಳು. ಇಪ್ಪತ್ತು ಬಂತು. ದೇವರೇ, ಬೇರೆ ಸಂಖ್ಯೆ ಇರಲಿಲ್ಲವೇ! ಇನ್ನೊಮ್ಮೆ ಎಣಿಸಿದಳು. ಇಪ್ಪತ್ತೇ. ಕೊನೆಗೆ ಅದನ್ನೇ ಬರೆದಳು.

ಕರುಣಾಕರ ಬಂದ. ಆತ ಪ್ರಬಂಧವನ್ನು ಮೊದಲನೆಯ ರೋಗಿಯಿಂದ ಮತ್ತೆ ಶುರುಮಾಡಿದ್ದ. ಚಾರ್ಟು ನೋಡಿದ, ಆಕೆಯ ಮುಖ ನೋಡಿದ, ತೋಳು ಮಡಚಿ ತನ್ನ ವಾಚನ್ನು ಕಣ್ಣಿನ ಹತ್ತಿರ ತಂದು ತಾನೇ ಉಸಿರು ಎಣಿಸತೊಡಗಿದ. ಆಕೆಗೆ ಅವಮಾನವಾಯಿತು, ಕೋಪವೂ ಬಂತು. ಕೋಪಿಸಿಕೊಳ್ಳುವ ಹಕ್ಕು ತನಗಿಲ್ಲ ಎಂಬುದೂ ಗೊತ್ತಿತ್ತು. ಮಂಚದ ಆಚೆ ನಫೀಸಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಮಡಿಲಿನಲ್ಲಿ ಅವರ ಬಲಗೈ ತನ್ನಷ್ಟಕ್ಕೆ ಮುಚ್ಚುತ್ತ ಬಿಚ್ಚುತ್ತ ಇತ್ತು. ಒಂದು ನಿಮಿಷ ಇಷ್ಟು ಉದ್ದ ಇರುತ್ತದೆ ಎಂದು ಇಪ್ಪತ್ತೆರಡು ವರ್ಷಗಳಲ್ಲಿ ಅಪೊಲೋನಿಯಾಳಿಗೆ ಗೊತ್ತಾಗಿರಲಿಲ್ಲ.

"ಸರಿ ಉಂಟು ಸಿಸ್ಟರ್" ಎಂದ ಕರುಣಾಕರ.

ಆಕೆ ತಲೆಯಾಡಿಸಿ, ನೋಯುವ ಕಾಲು ಎಳೆದುಕೊಂಡು ಪಕ್ಕದ ಮಂಚಕ್ಕೆ ಹೋಗಿ, ಅಲ್ಲಿದ್ದವನ ಹೊಟ್ಟೆಯ ಮೇಲೆ ಕೈ ಇಟ್ಟು ವಾಚು ನೋಡತೊಡಗಿದಳು.